ಮೊದಲು ಮನೆ ಎಣಿಸಿ, ಆಮೇಲೆ ಮೊಳೆ ಜೋಡಿಸಿ: ಸಿ ಭಾಷೆಯಲ್ಲಿ ಇಂಟಿಜರನ್ನು ಸ್ಟ್ರಿಂಗ್ ಮಾಡುವ ಬಗೆ

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಗೆ ನಾನು ಚೀಟಿ ಪ್ರಿಂಟ್ ಮಾಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ರೈತರ ಹೆಸರು, ಮೆಣಸಿನಕಾಯಿ ಡಬ್ಬಿ ಜಾತಿಯದೋ ಕಡ್ಡಿ ಜಾತಿಯದೋ, ಚೀಲ ಎಷ್ಟು, ಮೊತ್ತ ಎಷ್ಟು. ಅಷ್ಟೇ. ಪೂರ್ತಿ ಸಿ ಭಾಷೆಯಲ್ಲಿ. ಮೂರು ವಾರ ಒಂದು ತಕರಾರಿಲ್ಲದೆ ಓಡಿತು. ಫೆಬ್ರವರಿಯಲ್ಲಿ ಆವಕ ಜಾಸ್ತಿಯಾದ ಒಂದು ದಿನ ಸಂಜೆ ಅಂಗಡಿಯವರು ಫೋನ್ ಮಾಡಿದರು.

"ಹನ್ನೆರಡು ಚೀಲ ತೂಕ ಆಗ್ಯಾವ, ಚೀಟ್ಯಾಗ ಸೊನ್ನಿ ಚೀಲ ಅಂತ ಬಂದೈತಲ್ರೀ. ರೊಕ್ಕಾ ಮಾತ್ರ ಬರೋಬ್ಬರಿ ಐತಿ."

ಮೊತ್ತ ಸರಿ, ಚೀಲ ಸೊನ್ನೆ. ಆ ರಾತ್ರಿ ಚೀಲ ಎಣಿಸುವ ಕೋಡನ್ನು ಸಾಲು ಸಾಲಾಗಿ ಓದಿದೆ. ಅಲ್ಲಿ ತಪ್ಪೇ ಇರಲಿಲ್ಲ. ತಪ್ಪು ಇದ್ದದ್ದು ಮೊತ್ತವನ್ನು ಇಂಟಿಜರಿನಿಂದ (ಪೂರ್ಣಾಂಕದಿಂದ) ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡುವ ಒಂದೇ ಒಂದು ಸಾಲಿನಲ್ಲಿ. ಚೆನ್ನಾಗಿದ್ದ ಮೊತ್ತ ಪಕ್ಕದ ಚೀಲವನ್ನು ನುಂಗಿತ್ತು.

ನಾನು ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಡಿಪ್ಲೊಮಾ ಮತ್ತು ಬಿಸಿಎ ಮಕ್ಕಳಿಗೆ ಸಿ ಹೇಳಿಕೊಡುತ್ತೇನೆ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿದು ಬರುವವರೂ ಇದ್ದಾರೆ. ಪ್ರತಿ ಬ್ಯಾಚಿನಲ್ಲೂ ಇಂಟಿಜರನ್ನು ಸ್ಟ್ರಿಂಗ್ ಮಾಡುವ ಪಾಠಕ್ಕೆ ಎರಡು ಪೂರ್ತಿ ಸಂಜೆ ಕೊಡುತ್ತೇನೆ. ಒಂದೇ ಸಾಲಿನ ಕೆಲಸ ಅಲ್ವಾ ಅಂತ ಕೇಳುತ್ತಾರೆ. ಹೌದು, ಒಂದೇ ಸಾಲು. ಆದರೆ ಆ ಸಾಲಿನ ಕೆಳಗೆ ಏನು ನಡೆಯುತ್ತದೆ ಅಂತ ಗೊತ್ತಿಲ್ಲದಿದ್ದರೆ ಯಾರದೋ ಹನ್ನೆರಡು ಚೀಲ ಮಾಯವಾಗುತ್ತವೆ.

ಓದುವ ಮೊದಲು ಒಂದು ಮಾತು. ಇಲ್ಲಿರುವ ಕೋಡನ್ನು ನಾವು ಕ್ಲಾಸಿನಲ್ಲಿ ಬಾಯಿಬಿಟ್ಟು ಓದುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಬೇಕು. ಎಸ್‌ಎನ್‌ಪ್ರಿಂಟ್‌ಎಫ್ ಅಂದರೆ ಎಸ್, ಎನ್, ಆಮೇಲೆ ಪ್ರಿಂಟ್, ಕೊನೆಗೆ ಎಫ್, ನಡುವೆ ಜಾಗ ಬಿಡದೆ. %ಡಿ ಅಂದರೆ ಶೇಕಡಾ ಚಿಹ್ನೆ ಮತ್ತು ಅದಕ್ಕೆ ಅಂಟಿದ ಡಿ. ಪಟ್ಟಿ, ಮೊತ್ತ, ಚೀಲ ಇವೆಲ್ಲ ನಾನು ಇಟ್ಟ ಹೆಸರು, ನಿಮಗೆ ಬೇಕಾದ್ದು ಇಟ್ಟುಕೊಳ್ಳಿ.

ಸಂಖ್ಯೆಯೊಳಗೆ ಅಂಕೆ ಇಲ್ಲ

ಹೊಸಬರು ಎಡವುವುದು ಇಲ್ಲೇ. ಮೊತ್ತ = 12500000 ಅಂತ ಬರೆದರೆ ಮೆಮೊರಿಯಲ್ಲಿ ಒಂದು, ಎರಡು, ಐದು, ಆಮೇಲೆ ಐದು ಸೊನ್ನೆ ಸಾಲಾಗಿ ಕೂತಿವೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಈಗಿನ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ಇಂಟ್‌ಗೆ ನಾಲ್ಕು ಬೈಟ್. ಆ ನಾಲ್ಕು ಬೈಟಿನಲ್ಲಿ ಇರುವುದು 32, 188, 190, 0. ಇಂಟೆಲ್ ಪ್ರೊಸೆಸರಿನಲ್ಲಿ ಚಿಕ್ಕ ಬೆಲೆಯ ಬೈಟ್ ಮೊದಲು ಬರುತ್ತದೆ. 32ಕ್ಕೆ 188×256 ಕೂಡಿಸಿ, 190×65536 ಕೂಡಿಸಿ. ಸರಿಯಾಗಿ 12500000 ಬರುತ್ತದೆ. ಪೆನ್ನು ಹಿಡಿದು ಒಮ್ಮೆ ಕೂಡಿಸಿ ನೋಡಿ. ಬರೀ ಓದಿದರೆ ಇದು ತಲೆಗೆ ಹತ್ತುವುದಿಲ್ಲ.

ಅದೇ ಮೊತ್ತ ಸ್ಟ್ರಿಂಗ್ ಆದಾಗ ಮೆಮೊರಿಯಲ್ಲಿ ಹೀಗಿರುತ್ತದೆ: 49, 50, 53, 48, 48, 48, 48, 48, 0. ಒಂಬತ್ತು ಬೈಟ್. ಒಂದೊಂದು ಅಕ್ಷರಕ್ಕೂ ಒಂದೊಂದು ನಂಬರು ಕೊಟ್ಟ ಪಟ್ಟಿಗೆ ಆಸ್ಕಿ ಅಂತ ಹೆಸರು. ಇಲ್ಲಿ 49 ಅನ್ನುವುದು '1' ಅನ್ನುವ ಅಕ್ಷರದ ಆಸ್ಕಿ ನಂಬರು, 50 ಅನ್ನುವುದು '2'ರದ್ದು. ಕೊನೆಯ 0 ಅಂಕೆಯಲ್ಲ. ಸ್ಟ್ರಿಂಗ್ ಇಲ್ಲಿಗೆ ಮುಗಿಯಿತು ಅನ್ನುವ ಗುರುತು.

ನನ್ನ ಅಪ್ಪ ಗದಗ-ಬೆಟಗೇರಿಯಲ್ಲಿ ಕಂಪೋಸಿಟರ್ ಆಗಿದ್ದರು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಅಲ್ಲಿನ ಪ್ರೆಸ್ಸುಗಳಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸ ನೋಡುತ್ತಲೇ ನಾನು ದೊಡ್ಡವನಾದೆ. ಮರದ ಕೇಸಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆ. ಅಂಕೆಗಳ ಖಾನೆ ಬೇರೆ, ಸಾಲಾಗಿ ಸೊನ್ನೆಯಿಂದ ಒಂಬತ್ತರವರೆಗೆ. ಆಸ್ಕಿಯನ್ನು ನಾನು ಹಾಗೇ ಹೇಳಿಕೊಡುತ್ತೇನೆ. ಅದು ಮೊಳೆಗಳ ಕೇಸು. ಅಂಕೆ ಮೊಳೆಗಳ ಖಾನೆ 48ರಿಂದ ಶುರುವಾಗಿ 57ಕ್ಕೆ ಮುಗಿಯುತ್ತದೆ. ಏಳರ ಮೊಳೆ ಬೇಕೆಂದರೆ 48 + 7, ಅಂದರೆ 55ನೇ ಖಾನೆಗೆ ಕೈ ಹಾಕಿ. ಈ ಹತ್ತು ಅಂಕೆಗಳು ಒಂದರ ಪಕ್ಕ ಒಂದು ಇದ್ದೇ ಇರುತ್ತವೆ ಅಂತ ಸಿ ಭಾಷೆಯ ಸ್ಟ್ಯಾಂಡರ್ಡ್ ಭರವಸೆ ಕೊಟ್ಟಿದೆ. ಅದಕ್ಕೇ '0' + 7 ಅಂತ ಧೈರ್ಯವಾಗಿ ಬರೆಯಬಹುದು. 48 ಅಂತ ನೇರ ಬರೆಯಬೇಡಿ. '0' ಅಂತ ಬರೆದರೆ ಓದುವವರಿಗೂ ಅರ್ಥವಾಗುತ್ತದೆ.

ಪ್ರೆಸ್ಸಿಗೆ ಸೊಸೈಟಿಯ ಲೆಜ್ಜರೋ ಜಾತ್ರೆಯ ರಸೀದಿ ಪುಸ್ತಕವೋ ಬಂದರೆ ಅಪ್ಪ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಹೆಚ್ಚಂದ್ರ ಎಷ್ಟು ಅಂಕಿ ಬರತಾವು?" ಕಾಲಮ್ಮಿನ ಗೆರೆ ಒಮ್ಮೆ ಕೂತ ಮೇಲೆ ಅಗಲ ಮಾಡಲು ಬರುವುದಿಲ್ಲ. ಅಂಕೆ ಜಾಸ್ತಿಯಾದರೆ ಪಕ್ಕದ ಕಾಲಮ್ಮಿಗೆ ನುಗ್ಗುತ್ತದೆ. "ಮೊದ್ಲ ಮನಿ ಎಣಸು, ಆಮ್ಯಾಲ ಮೊಳಿ ಹಿಡಿ" ಅನ್ನುತ್ತಿದ್ದರು. ಸಿ ಭಾಷೆಯಲ್ಲಿ ಇಂಟಿಜರನ್ನು ಸ್ಟ್ರಿಂಗ್ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇಷ್ಟೇ.

ಎಷ್ಟು ಮನೆ ಬೇಕು?

ನಾಲ್ಕು ಬೈಟಿನ ಇಂಟ್ -2147483648ರಿಂದ 2147483647ರವರೆಗೆ ಹೋಗುತ್ತದೆ. ಸ್ಟ್ರಿಂಗಿನಲ್ಲಿ ಒಂದು ಮನೆ ಅಂದರೆ ಒಂದು ಬೈಟ್. ಹತ್ತು ಅಂಕೆ, ಒಂದು ಮೈನಸ್, ಕೊನೆಗೆ ಮುಕ್ತಾಯದ 0. ಒಟ್ಟು 12 ಮನೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಎಂಟು ಬೈಟಿನ ಲಾಂಗ್ ಲಾಂಗ್ ಆದರೆ ಹತ್ತೊಂಬತ್ತು ಅಂಕೆ, ಮೈನಸ್, 0. ಒಟ್ಟು 21.

ಯಾವ ಮಷಿನ್ ಅಂತ ಗೊತ್ತಿಲ್ಲದಾಗ ನಾನು ಹೀಗೆ ಬರೆಯುತ್ತೇನೆ:

ಚಾರ್ ಪಟ್ಟಿ[ಸೈಜ್‌ಆಫ್(ಇಂಟ್) * 3 + 2];

ಚಾರ್ ಅಂದರೆ ಒಂದು ಬೈಟಿನ ಮನೆ, ಸೈಜ್‌ಆಫ್ ಅಂದರೆ ಎಷ್ಟು ಬೈಟ್ ಅಂತ ಹೇಳುವುದು. ಒಂದು ಬೈಟ್ ಜಾಸ್ತಿಯಾದರೆ ಸಂಖ್ಯೆ 256 ಪಟ್ಟು ಬೆಳೆಯುತ್ತದೆ. 256 ಅನ್ನುವುದು 1000ಕ್ಕಿಂತ ಕಡಿಮೆ. ಹಾಗಾಗಿ ಒಂದು ಬೈಟಿಗೆ ಮೂರು ಅಂಕೆಗಿಂತ ಜಾಸ್ತಿ ಬೇಕಾಗುವುದೇ ಇಲ್ಲ. ಕೊನೆಯ 2 ಮೈನಸ್‌ಗೆ ಮತ್ತು ಮುಕ್ತಾಯಕ್ಕೆ. ನಾಲ್ಕು ಬೈಟಿಗೆ ಇದು 14 ಕೊಡುತ್ತದೆ. ಎರಡು ಮನೆ ಖಾಲಿ ಬಿದ್ದರೆ ಏನೂ ನಷ್ಟವಿಲ್ಲ.

ದಿನದ ಕೆಲಸಕ್ಕೆ ಒಂದೇ ಸಾಲು

ಚಾರ್ ಪಟ್ಟಿ[12];
ಇಂಟ್ ಬೇಕಾದ್ದು = ಎಸ್‌ಎನ್‌ಪ್ರಿಂಟ್‌ಎಫ್(ಪಟ್ಟಿ, ಸೈಜ್‌ಆಫ್(ಪಟ್ಟಿ), "%ಡಿ", ಮೊತ್ತ);

ಸ್ಟಡ್‌ಐಒ ಹೆಡರ್ ಸೇರಿಸಿದ್ದರೆ ಸಾಕು. ಪ್ರಿಂಟ್‌ಎಫ್ ಪರದೆಗೆ ಬರೆಯುತ್ತದೆ, ಇದು ನಿಮ್ಮ ಅರೇಗೆ (ಸಾಲಾಗಿರುವ ಮನೆಗಳಿಗೆ) ಬರೆಯುತ್ತದೆ. ಎರಡನೆಯ ಜಾಗದಲ್ಲಿ ಎಷ್ಟು ಮನೆ ಇದೆ ಅಂತ ಹೇಳುತ್ತೀರಿ. ಅದಕ್ಕಿಂತ ಒಂದೂ ಜಾಸ್ತಿ ಬರೆಯುವುದಿಲ್ಲ, ಮುಕ್ತಾಯದ 0 ಸಹ ಆ ಲೆಕ್ಕದಲ್ಲೇ ಬಂತು. ಸ್ಪ್ರಿಂಟ್‌ಎಫ್ ಅನ್ನುವುದು ಇದರ ಅಣ್ಣ, ಅದಕ್ಕೆ ಮನೆ ಎಣಿಕೆ ಹೇಳುವ ಜಾಗವೇ ಇಲ್ಲ. ಎನ್ ಸೇರಿದ ಈ ತಮ್ಮ 1999ರ ಸ್ಟ್ಯಾಂಡರ್ಡಿನಲ್ಲಿ ಬಂದ. ಹೊಸ ಕೋಡಿನಲ್ಲಿ ಇವನನ್ನೇ ಕರೆಯಿರಿ.

%ಡಿ ಅನ್ನುವುದು ಈ ಜಾಗದಲ್ಲಿ ಇಂಟ್ ಬರೆಯಿರಿ ಅನ್ನುವ ಗುರುತು. ಸಂಖ್ಯೆಯ ಜಾತಿ ಬದಲಾದರೆ ಗುರುತೂ ಬದಲಾಗಬೇಕು. ಅನ್‌ಸೈನ್ಡ್ ಅಂದರೆ ಮೈನಸ್ ಇಲ್ಲದ ಸಂಖ್ಯೆ. ಅನ್‌ಸೈನ್ಡ್‌ಗೆ %ಯು, ಲಾಂಗ್‌ಗೆ %ಎಲ್‌ಡಿ, ಲಾಂಗ್ ಲಾಂಗ್‌ಗೆ %ಎಲ್‌ಎಲ್‌ಡಿ. ಮುಂದೆ ಸೊನ್ನೆ ತುಂಬಬೇಕೆಂದರೆ %06ಡಿ. ಪ್ರೆಸ್ಸಿನ ನಂಬರಿಂಗ್ ಮಷೀನ್ ನೆನಪಾಗುತ್ತದೆ. ಆರು ಗಾಲಿ, ಪ್ರತಿ ಒತ್ತಿಗೂ ಕೊನೆಯ ಗಾಲಿ ಒಂದು ಹೆಜ್ಜೆ ಮುಂದೆ. 42ನೇ ರಸೀದಿಗೆ 000042 ಅಂತ ಬೀಳುತ್ತಿತ್ತು. %06ಡಿ ಮಾಡುವುದೂ ಅದನ್ನೇ. ಒಂದೇ ವ್ಯತ್ಯಾಸ: 999999 ದಾಟಿದರೆ ಆ ಮಷೀನ್ ಮತ್ತೆ 000000ಕ್ಕೆ ಬರುತ್ತಿತ್ತು. ಸಿ ಹಾಗಲ್ಲ, ಏಳನೆಯ ಅಂಕೆಯನ್ನೂ ಬರೆದೇಬಿಡುತ್ತದೆ. ಇಲ್ಲಿ 6 ಅನ್ನುವುದು ಕನಿಷ್ಠ ಅಗಲ, ಗರಿಷ್ಠ ಅಲ್ಲ. ಇದನ್ನು ನಂಬಿ ಏಳು ಮನೆಯ ಅರೇ ಮಾಡಿ ಪೆಟ್ಟು ತಿಂದವರನ್ನು ನೋಡಿದ್ದೇನೆ.

ಹನ್ನೆರಡು ಚೀಲ ಎಲ್ಲಿ ಹೋದವು?

ಈಗ ಬ್ಯಾಡಗಿಗೆ ಬರೋಣ. ನನ್ನ ಸ್ಟ್ರಕ್ಚರ್ ಹೀಗಿತ್ತು:

ಸ್ಟ್ರಕ್ಟ್ ಚೀಟಿ {
    ಚಾರ್ ಮೊತ್ತಪಟ್ಟಿ[8];
    ಇಂಟ್ ಚೀಲ;
};

ಮೊತ್ತವನ್ನು ಪೈಸೆ ಲೆಕ್ಕದಲ್ಲಿ ಇಂಟಿಜರ್ ಆಗಿ ಇಟ್ಟಿದ್ದೆ. ಹಣಕ್ಕೆ ಫ್ಲೋಟ್ (ದಶಮಾಂಶದ ಸಂಖ್ಯೆ) ಬಳಸಬಾರದು ಅನ್ನುವುದು ಸರಿಯಾದ ತೀರ್ಮಾನವೇ. ಚೀಲದ ಲೆಕ್ಕ ಮೊದಲು ತುಂಬುತ್ತಿತ್ತು. ಆಮೇಲೆ ಸ್ಪ್ರಿಂಟ್‌ಎಫ್ ಮೊತ್ತವನ್ನು ಸ್ಟ್ರಿಂಗ್ ಮಾಡುತ್ತಿತ್ತು. ನಾನು ಪರೀಕ್ಷೆ ಮಾಡಿದ್ದು ನಲವತ್ತು, ಐವತ್ತು ಸಾವಿರದ ಚೀಟಿಗಳಿಂದ. 99,999 ರೂಪಾಯಿ 99 ಪೈಸೆಯವರೆಗೆ ಏಳು ಅಂಕೆ, ಜೊತೆಗೆ ಮುಕ್ತಾಯದ 0. ಎಂಟು ಮನೆಗೆ ಸರಿಯಾಗಿ ಕೂರುತ್ತದೆ.

ಆ ದಿನದ ಲಾಟ್ 1,25,000 ರೂಪಾಯಿ. ಪೈಸೆಯಲ್ಲಿ 12500000, ಎಂಟು ಅಂಕೆ. ಎಂಟೂ ಮನೆ ಅಂಕೆಗಳೇ ತುಂಬಿಕೊಂಡವು. ಮುಕ್ತಾಯದ 0 ಒಂಬತ್ತನೆಯ ಮನೆಗೆ ಹೋಯಿತು. ಒಂಬತ್ತನೆಯ ಮನೆ ನನ್ನ ಅರೇಯದ್ದಲ್ಲ, ಚೀಲದ ಮೊದಲ ಬೈಟ್. ಅಲ್ಲಿ 12, 0, 0, 0 ಇತ್ತು. 12ರ ಮೇಲೆ 0 ಕೂತಿತು. ಚೀಲ ಸೊನ್ನೆ. ಮೊತ್ತ ಓದುವಾಗ ಮಾತ್ರ ಎಂಟು ಅಂಕೆ ಓದಿ, ಆ 0 ಸಿಕ್ಕಿ, ಸರಿಯಾಗಿ ನಿಂತಿತು. ಅದಕ್ಕೇ ರೊಕ್ಕ ಬರೋಬ್ಬರಿ ಬಂದಿತ್ತು.

ಇನ್ನೂ ಹೆದರಿಕೆಯಾಗುವುದು ಮುಂದಿನ ಲೆಕ್ಕ ನೋಡಿದರೆ. ಹತ್ತು ಲಕ್ಷದ ಲಾಟ್ ಬಂದಿದ್ದರೆ ಒಂಬತ್ತು ಅಂಕೆ. ಒಂಬತ್ತನೆಯ ಅಂಕೆ '0', ಅಂದರೆ 48, ಚೀಲದ ಮೊದಲ ಬೈಟಿಗೆ ಬೀಳುತ್ತಿತ್ತು. ಚೀಟಿಯಲ್ಲಿ 48 ಚೀಲ! ಸೊನ್ನೆ ಚೀಲ ಅಂದರೆ ಯಾರಾದರೂ ಫೋನ್ ಮಾಡುತ್ತಾರೆ. 48 ಚೀಲ ಅಂದರೆ ನಂಬಿಬಿಡುತ್ತಾರೆ. ಈ ಒಂದು ಲೆಕ್ಕ ಮಾಡಿದ ಮೇಲೆ ನನಗೆ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಗಾದರೆ ಸ್ಪ್ರಿಂಟ್‌ಎಫ್ ತೆಗೆದು ಎಸ್‌ಎನ್‌ಪ್ರಿಂಟ್‌ಎಫ್ ಹಾಕಿದರೆ ಸಾಕಾ? ಸಾಲದು. ಎಂಟು ಮನೆ ಅಂತ ಹೇಳಿದ್ದರೆ ಅದು ಏಳು ಅಂಕೆ ಬರೆದು, 0 ಹಾಕಿ, ಸುಮ್ನೆ ಮುಗಿಸುತ್ತಿತ್ತು. ಪಟ್ಟಿಯಲ್ಲಿ 1250000. ರೂಪಾಯಿಯಲ್ಲಿ 12,500. ಒಂದೂಕಾಲು ಲಕ್ಷದ ಮಾಲಿಗೆ ಹನ್ನೆರಡೂವರೆ ಸಾವಿರದ ಚೀಟಿ. ಮೆಮೊರಿಗೆ ಪೆಟ್ಟಿಲ್ಲ, ರೈತನಿಗೆ ಪೆಟ್ಟು. ಅದಕ್ಕೇ ಅದು ವಾಪಸ್ ಕೊಡುವ ಸಂಖ್ಯೆಯನ್ನು ನೋಡಲೇಬೇಕು. ಪೂರ್ತಿ ಬರೆಯಲು ಎಷ್ಟು ಅಕ್ಷರ ಬೇಕಿತ್ತು ಅನ್ನುವುದನ್ನು ಅದು ಹೇಳುತ್ತದೆ, ಮುಕ್ತಾಯದ 0 ಬಿಟ್ಟು. ಇಲ್ಲಿ 8 ಅನ್ನುತ್ತಿತ್ತು. ವಾಪಸ್ ಬಂದದ್ದು ಮನೆಗಳ ಸಂಖ್ಯೆಗೆ ಸಮ ಅಥವಾ ಜಾಸ್ತಿ ಇದ್ದರೆ ಬಾಲ ಕತ್ತರಿಸಿದೆ ಅಂತ ಅರ್ಥ.

ಇಫ್ (ಬೇಕಾದ್ದು < 0 || ಬೇಕಾದ್ದು >= (ಇಂಟ್)ಸೈಜ್‌ಆಫ್(ಪಟ್ಟಿ)) {
    /* ಚೀಟಿ ಪ್ರಿಂಟ್ ಮಾಡಬೇಡಿ, ನಿಲ್ಲಿಸಿ */
}

ಇದೇ ಗುಣದಿಂದ ಇನ್ನೊಂದು ಉಪಯೋಗವಿದೆ. ಮೊದಲ ಜಾಗಕ್ಕೆ ನಲ್ (ಯಾವ ವಿಳಾಸವೂ ಇಲ್ಲ ಅಂತ, ಇದನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯಿರಿ), ಎರಡನೆಯದಕ್ಕೆ 0 ಕೊಟ್ಟು ಕರೆದರೆ ಏನೂ ಬರೆಯದೆ ಬರೀ ಅಳತೆ ಹೇಳುತ್ತದೆ. ಅದಕ್ಕೆ ಒಂದು ಕೂಡಿಸಿ, ಅಷ್ಟು ಬೈಟ್ ಜಾಗವನ್ನು ಮ್ಯಾಲಾಕ್ ಫಂಕ್ಷನ್ನಿನಿಂದ ಪಡೆಯಿರಿ. ಬರೀ ಒಂದು ಇಂಟ್‌ಗೆ ಇದು ಬೇಡ, 12 ಮನೆ ಸಾಕು. ಹೆಸರು, ಊರು ಎಲ್ಲ ಸೇರಿಸಿ ಒಂದು ಉದ್ದ ಸಾಲು ಮಾಡುವಾಗ ಬೇಕಾಗುತ್ತದೆ.

ಕೈಯಾರೆ ಜೋಡಿಸುವುದು

ಪರೀಕ್ಷೆಯಲ್ಲೂ ಇಂಟರ್‌ವ್ಯೂನಲ್ಲೂ ಲೈಬ್ರರಿ ಬಳಸದೆ ಮಾಡಿ ಅಂತ ಕೇಳುತ್ತಾರೆ. ಒಮ್ಮೆಯಾದರೂ ಕೈಯಾರೆ ಮಾಡಲೇಬೇಕು. ಧಾರವಾಡದ ಪಿನ್ ಕೋಡ್ 580001 ತೆಗೆದುಕೊಳ್ಳಿ. 10ರಿಂದ ಭಾಗಿಸಿ ಶೇಷ ನೋಡಿ. ಶೇಷ 1, ಉಳಿದದ್ದು 58000. ಮತ್ತೆ ಶೇಷ 0, ಉಳಿದದ್ದು 5800. ಮತ್ತೆ 0, ಮತ್ತೆ 0, ಉಳಿದದ್ದು 58. ಆಮೇಲೆ 8, ಆಮೇಲೆ 5. ಸಿಕ್ಕಿದ ಕ್ರಮ 1, 0, 0, 0, 8, 5. ಬಾಲದಿಂದ ತಲೆಗೆ. ಅದಕ್ಕೆ ಒಂದು ಚಿಕ್ಕ ಅರೇಯಲ್ಲಿ ಇಟ್ಟುಕೊಂಡು ಹಿಂದಿನಿಂದ ಬರೆಯುತ್ತೇವೆ.

ವಾಯ್ಡ್ ಜೋಡಿಸು(ಇಂಟ್ ಎನ್, ಚಾರ್ *ಪಟ್ಟಿ)
{
    ಚಾರ್ ಉಲ್ಟಾ[10];
    ಅನ್‌ಸೈನ್ಡ್ ಯು = ಎನ್;
    ಇಂಟ್ ಐ = 0;

    ಇಫ್ (ಎನ್ < 0) {
        ಯು = 0 - ಯು;
        *ಪಟ್ಟಿ++ = '-';
    }
    ಡು {
        ಉಲ್ಟಾ[ಐ++] = '0' + ಯು % 10;
        ಯು = ಯು / 10;
    } ವೈಲ್ (ಯು > 0);

    ವೈಲ್ (ಐ > 0)
        *ಪಟ್ಟಿ++ = ಉಲ್ಟಾ[--ಐ];
    *ಪಟ್ಟಿ = '\0';
}

ಎರಡು ಕಡೆ ನಿಂತು ನೋಡಿ. ಒಂದು, ಡು-ವೈಲ್. ಬರೀ ವೈಲ್ ಹಾಕಿದರೆ 0 ಅನ್ನುವ ಸಂಖ್ಯೆ ಬಂದಾಗ ಲೂಪಿನೊಳಗೆ ಹೋಗುವುದೇ ಇಲ್ಲ. ಖಾಲಿ ಸ್ಟ್ರಿಂಗ್ ಬರುತ್ತದೆ. ಬಾಕಿ ಸೊನ್ನೆ ಇದ್ದವನ ಚೀಟಿಯಲ್ಲಿ ಬಾಕಿ ಜಾಗ ಬಿಳಿ. ಪ್ರತಿ ಬ್ಯಾಚಿನಲ್ಲೂ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೊದಲ ಸಲ ಇಲ್ಲೇ ತಪ್ಪುತ್ತಾರೆ.

ಎರಡು, ಅನ್‌ಸೈನ್ಡ್. ಮೈನಸ್ ಸಂಖ್ಯೆ ಬಂದರೆ ಎನ್ = -ಎನ್ ಮಾಡಿಬಿಡೋಣ ಅನ್ನಿಸುತ್ತದೆ. -7ಕ್ಕೆ ಸರಿ. -2147483648ಕ್ಕೆ ಆಗುವುದಿಲ್ಲ, ಯಾಕೆಂದರೆ 2147483648 ಇಂಟ್‌ನಲ್ಲಿ ಹಿಡಿಯುವುದೇ ಇಲ್ಲ, ಒಂದು ಜಾಸ್ತಿಯಾಯಿತು. ಅಲ್ಲಿ ಏನಾಗಬೇಕು ಅಂತ ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಅನ್‌ಸೈನ್ಡ್‌ನಲ್ಲಿ 4294967295ರವರೆಗೆ ಜಾಗವಿದೆ, 0 - ಯು ಅಲ್ಲಿ ಖಚಿತವಾಗಿ ಸರಿ ಉತ್ತರ ಕೊಡುತ್ತದೆ. ಮೈನಸ್ ಇಟ್ಟುಕೊಂಡೇ ಶೇಷ ತೆಗೆಯೋಣ ಅಂದರೆ ಸಿ ಭಾಷೆಯಲ್ಲಿ -7 % 10 ಅಂದರೆ -7. '0'ಗೆ ಅದನ್ನು ಕೂಡಿಸಿದರೆ 41ನೇ ಖಾನೆ, ಅಲ್ಲಿರುವುದು ಬಲಗಡೆಯ ಆವರಣ ಚಿಹ್ನೆ. ಪರದೆ ಮೇಲೆ ಅಂಕೆಯ ಬದಲು ಆವರಣ ಕಂಡರೆ ಇದೇ ರೋಗ.

ಲ್ಯಾಬಿನಲ್ಲಿ ಓಡಿದ್ದು ಮನೆಯಲ್ಲಿ ಯಾಕೆ ಓಡಲ್ಲ?

"ಐಟಿಒಎ ಅಂತ ಫಂಕ್ಷನ್ ಇದೆಯಲ್ಲ ಸರ್" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇಂಟಿಜರನ್ನು ಸ್ಟ್ರಿಂಗ್ ಮಾಡುವ ಫಂಕ್ಷನ್ ಅದು. ಲ್ಯಾಬಿನ ಹಳೆಯ ಕಂಪೈಲರ್ ಟರ್ಬೊ ಸಿಯಲ್ಲಿ ಇದೆ, ವಿಂಡೋಸಿನ ಕೆಲವು ಕಂಪೈಲರುಗಳಲ್ಲೂ ಇದೆ. ಆದರೆ ಅದು ಸಿ ಸ್ಟ್ಯಾಂಡರ್ಡಿನಲ್ಲಿ ಇಲ್ಲ. ಮನೆಯಲ್ಲಿ ಲಿನಕ್ಸಿನ ಮೇಲೆ ಜಿಸಿಸಿ ಕಂಪೈಲರ್ ಹಾಕಿಕೊಂಡವರಿಗೆ ಅದು ಸಿಗಲಿಲ್ಲ ಅಂತ ಎರರ್ ಬರುತ್ತದೆ. ಸ್ಟ್ರಿಂಗಿನಿಂದ ಇಂಟಿಜರ್ ಮಾಡುವ ಎಟಿಒಐ ಮಾತ್ರ ಸ್ಟ್ಯಾಂಡರ್ಡಿನಲ್ಲಿ ಇದೆ, ಹಾಗಾಗಿ ಅದರ ಜೋಡಿಯೂ ಇರಬೇಕು ಅನ್ನಿಸುವುದು ಸಹಜ. ಇಲ್ಲ.

ಟರ್ಬೊ ಸಿಯ ಇನ್ನೊಂದು ವಿಷಯ. ಅಲ್ಲಿ ಇಂಟ್ ಅಂದರೆ ಎರಡೇ ಬೈಟ್, -32768ರಿಂದ 32767ರವರೆಗೆ. ಒಬ್ಬ ಹುಡುಗಿ ಅದರಲ್ಲಿ 580001 ಅನ್ನು ಇಂಟ್‌ಗೆ ಹಾಕಿ ಸ್ಟ್ರಿಂಗ್ ಮಾಡಿ ತಂದಳು. ಬಂದದ್ದು -9823. ತನ್ನ ಕೋಡ್ ತಪ್ಪು ಅಂತ ಬೇಜಾರು ಮಾಡಿಕೊಂಡಿದ್ದಳು. ಕೋಡ್ ತಪ್ಪಿರಲಿಲ್ಲ, ಸಂಖ್ಯೆ ಸ್ಟ್ರಿಂಗ್ ಆಗುವ ಮೊದಲೇ ಹಾಳಾಗಿತ್ತು. 580001ರಲ್ಲಿ 65536ನ್ನು ಎಂಟು ಸಲ ಕಳೆಯಿರಿ, 55713 ಉಳಿಯುತ್ತದೆ. ಇನ್ನೊಮ್ಮೆ 65536 ಕಳೆಯಿರಿ, -9823. ಬೋರ್ಡಿನ ಮೇಲೆ ಆ ಕಳೆಯುವ ಲೆಕ್ಕ ಅವಳೇ ಮಾಡಿದಳು. ಆ ದಿನದ ಪಾಠ ಅಲ್ಲಿಗೇ ನಿಂತಿತು, ಅದಕ್ಕಿಂತ ಒಳ್ಳೆಯದು ನಾನು ಹೇಳುವುದು ಏನೂ ಉಳಿದಿರಲಿಲ್ಲ.

ಹಾಗೆ ನೋಡಿದರೆ ಪಿನ್ ಕೋಡನ್ನು ಇಂಟಿಜರ್ ಮಾಡುವುದೇ ಯಾಕೆ? ಅದನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಎಸ್‌ಟಿಡಿ ಕೋಡ್ 0836 ಇನ್ನೂ ಒಳ್ಳೆಯ ಉದಾಹರಣೆ. ಸಿ ಭಾಷೆಯಲ್ಲಿ ಸಂಖ್ಯೆ 0ಯಿಂದ ಶುರುವಾದರೆ ಅದು ಆಕ್ಟಲ್, ಎಂಟರ ಲೆಕ್ಕ. ಆ ಲೆಕ್ಕದಲ್ಲಿ 8 ಅನ್ನುವ ಅಂಕೆಯೇ ಇಲ್ಲ. 0836 ಅಂತ ಬರೆದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಇಂಥದ್ದನ್ನು ಮೊದಲಿನಿಂದಲೇ ಸ್ಟ್ರಿಂಗ್ ಆಗಿ ಇಡಿ, ಆಗ ಬದಲಾಯಿಸುವ ಕೆಲಸವೇ ಇರುವುದಿಲ್ಲ. ಲೆಕ್ಕಕ್ಕೆ ಬರುವುದು ಇಂಟಿಜರ್, ಬರೀ ಗುರುತಿಗೆ ಇರುವುದು ಸ್ಟ್ರಿಂಗ್.

ಇನ್ನು ಎರಡು ತಪ್ಪು, ಬೇಗ ಹೇಳಿಬಿಡುತ್ತೇನೆ. ಇಂಟ್‌ನ ಮುಂದೆ ಚಾರ್ ಸ್ಟಾರ್ ಅಂತ ಆವರಣದಲ್ಲಿ ಬರೆದರೆ ಅದು ಸ್ಟ್ರಿಂಗ್ ಆಗುವುದಿಲ್ಲ. ಆ ಸಂಖ್ಯೆಯನ್ನು ಮೆಮೊರಿ ವಿಳಾಸ ಅಂತ ತಿಳಿದು ಪ್ರೋಗ್ರಾಂ ಎಲ್ಲೋ ಹೋಗಿ ಬೀಳುತ್ತದೆ. ಇನ್ನೊಂದು, ಫಂಕ್ಷನ್ನಿನೊಳಗೆ ಅರೇ ಮಾಡಿ ಅದನ್ನೇ ರಿಟರ್ನ್ ಮಾಡುವುದು. ಫಂಕ್ಷನ್ ಮುಗಿದ ಕೂಡಲೇ ಆ ಜಾಗ ನಿಮ್ಮದಲ್ಲ. ಸ್ಟ್ಯಾಟಿಕ್ ಹಾಕಿದರೆ ಬದುಕುತ್ತದೆ, ಆದರೆ ಒಂದೇ ಪ್ರಿಂಟ್‌ಎಫ್‌ನಲ್ಲಿ ಎರಡು ಸಲ ಕರೆದರೆ ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ. ಮೇಲಿನ ಜೋಡಿಸು ಫಂಕ್ಷನ್ನಿನ ಹಾಗೆ, ಕರೆಯುವವರೇ ಜಾಗ ಕೊಡಲಿ.

ನಮ್ಮ ಅಲ್ಪವಿರಾಮ, ನಮ್ಮ ಅಂಕೆ

ಬ್ಯಾಡಗಿಯ ಚೀಟಿಯನ್ನು ಸರಿಮಾಡುವಾಗ ಅಂಗಡಿಯವರು ಇನ್ನೊಂದು ಮಾತು ಹೇಳಿದರು. 125000 ಅಂತ ಬಂದರೆ ಓದಲು ತಡವಾಗುತ್ತದೆ, 1,25,000 ಅಂತ ಬರಲಿ. ನ್ಯಾಯವಾದ ಮಾತು. ನಮ್ಮದು ಮೂರು, ಆಮೇಲೆ ಎರಡೆರಡು. ಎಸ್‌ಎನ್‌ಪ್ರಿಂಟ್‌ಎಫ್‌ಗೆ ಸಾದಾ ರೀತಿಯಲ್ಲಿ ಇದು ಬರುವುದಿಲ್ಲ. ಕೈಯಾರೆ ಜೋಡಿಸುವುದನ್ನು ಕಲಿತವರಿಗೆ ಒಂದೇ ಷರತ್ತು ಜಾಸ್ತಿ. ಕೆ ಅಂದರೆ ಇಲ್ಲಿಯವರೆಗೆ ಇಟ್ಟ ಅಂಕೆಗಳು, ಶುರುವಿನಲ್ಲಿ 0.

ಡು {
    ಇಫ್ (ಕೆ >= 3 && ಕೆ % 2 == 1)
        ಉಲ್ಟಾ[ಐ++] = ',';
    ಉಲ್ಟಾ[ಐ++] = '0' + ಯು % 10;
    ಕೆ++;
    ಯು = ಯು / 10;
} ವೈಲ್ (ಯು > 0);

ಬಲದಿಂದ ಮೂರು ಅಂಕೆ ಆದ ಮೇಲೆ ಒಂದು, ಐದಾದ ಮೇಲೆ ಒಂದು, ಏಳಾದ ಮೇಲೆ ಒಂದು. ಎಲ್ಲವೂ ಬೆಸ ಸಂಖ್ಯೆ. ಅದಕ್ಕೇ ಆ ಷರತ್ತು ಅಷ್ಟು ಚಿಕ್ಕದು. ಇದನ್ನು ಕಂಡುಕೊಂಡ ದಿನ ನನಗೆ ತುಂಬಾ ಖುಷಿಯಾಗಿತ್ತು. ಮನೆ ಎಣಿಸುವುದು ಮರೆಯಬೇಡಿ. ಅತಿ ದೊಡ್ಡದು 2,14,74,83,647, ಅದರಲ್ಲಿ ನಾಲ್ಕು ಅಲ್ಪವಿರಾಮ. ಹಾಗಾಗಿ ಉಲ್ಟಾಗೆ 10 ಸಾಲದು, 14 ಬೇಕು. ಪಟ್ಟಿಗೆ 16.

ಇನ್ನು ಕನ್ನಡ ಅಂಕೆ. ಸರ್ಕಾರಿ ಬಸ್ಸಿನ ಮೇಲೆ ದಿನಾ ನೋಡುವ ೫, ೮, ೦ ನಮ್ಮ ಚೀಟಿಯಲ್ಲಿ ಯಾಕೆ ಬೇಡ? ಯೂನಿಕೋಡಿನ ಯುಟಿಎಫ್-8ರಲ್ಲಿ ಒಂದು ಕನ್ನಡ ಅಂಕೆಗೆ ಮೂರು ಬೈಟ್. ಮೊದಲ ಎರಡು ಯಾವಾಗಲೂ 224 ಮತ್ತು 179. ಮೂರನೆಯದು 166ರಿಂದ 175. ೦ಗೆ 166, ೭ಕ್ಕೆ 173, ೯ಕ್ಕೆ 175. ಇಲ್ಲೂ ಅದೇ ಕೇಸು, ಅದೇ ಸಾಲು ಖಾನೆ. ಶುರುವಾಗುವ ನಂಬರ್ ಮಾತ್ರ ಬೇರೆ. ಜೋಡಿಸು ಫಂಕ್ಷನ್ನಿನ ಕೊನೆಯ ಲೂಪನ್ನು ಹೀಗೆ ಬದಲಾಯಿಸಿ:

ವೈಲ್ (ಐ > 0) {
    ಐ--;
    ಇಫ್ (ಉಲ್ಟಾ[ಐ] == ',') {
        *ಪಟ್ಟಿ++ = ',';
    } ಎಲ್ಸ್ {
        *ಪಟ್ಟಿ++ = 224;
        *ಪಟ್ಟಿ++ = 179;
        *ಪಟ್ಟಿ++ = 166 + (ಉಲ್ಟಾ[ಐ] - '0');
    }
}

ಇಲ್ಲಿ ಪಟ್ಟಿಯನ್ನು ಅನ್‌ಸೈನ್ಡ್ ಚಾರ್ ಮಾಡಿಕೊಳ್ಳಿ. ಸಾದಾ ಚಾರ್ ಬಹಳ ಕಡೆ 127ರವರೆಗೆ ಮಾತ್ರ ಹಿಡಿಯುತ್ತದೆ. ಮನೆಗಳ ಲೆಕ್ಕ: ಹತ್ತು ಅಂಕೆಗೆ 30, ಮೈನಸ್‌ಗೆ 1, ಮುಕ್ತಾಯಕ್ಕೆ 1, ಒಟ್ಟು 32. ಅಲ್ಪವಿರಾಮವೂ ಬೇಕೆಂದರೆ 36. ವಿಂಡೋಸಿನ ಕಪ್ಪು ಪರದೆಯಲ್ಲಿ ಏನೇನೋ ಚಿಹ್ನೆ ಕಂಡರೆ ಗಾಬರಿ ಬೇಡ. ಅದೇ ಸ್ಟ್ರಿಂಗನ್ನು ಒಂದು ಫೈಲಿಗೆ ಬರೆದು ನೋಟ್‌ಪ್ಯಾಡಿನಲ್ಲಿ ತೆರೆಯಿರಿ.

ಕೋಡ್ ಬರೆದಾದ ಮೇಲೆ ನಾನು ಮಕ್ಕಳಿಂದ ಈ ಸಂಖ್ಯೆಗಳನ್ನು ಕೊಡಿಸಿ ನೋಡುತ್ತೇನೆ, ನೀವೂ ಕೊಡಿ. 0 ಕೊಟ್ಟರೆ ಖಾಲಿ ಬರಬಾರದು. -7 ಕೊಟ್ಟರೆ ಆವರಣ ಚಿಹ್ನೆ ಬರಬಾರದು. 2147483647 ಮತ್ತು -2147483648 ಎರಡೂ ಪೂರ್ತಿ ಬರಬೇಕು. -2147483648 ಅಂತ ಕೋಡಿನಲ್ಲಿ ನೇರ ಬರೆಯುವ ಬದಲು ಲಿಮಿಟ್ಸ್ ಹೆಡರಿನ ಇಂಟ್ ಮಿನ್ (ದೊಡ್ಡಕ್ಷರದಲ್ಲಿ, ನಡುವೆ ಅಡಿಗೆರೆ ಹಾಕಿ) ಬಳಸಿ. 12500000 ಕೊಡುವಾಗ ಅರೇಯ ಪಕ್ಕದಲ್ಲಿ ಬೇಕೆಂದೇ ಒಂದು ಇಂಟ್ ಇಟ್ಟು, ಅದರಲ್ಲಿ 12 ಹಾಕಿ, ಕೆಲಸ ಮುಗಿದ ಮೇಲೂ 12 ಇದೆಯಾ ನೋಡಿ. ಕೊನೆಗೆ 580001ನ್ನು ಕನ್ನಡ ಅಂಕೆ ಮಾಡಿ ಸ್ಟ್ರ್‌ಲೆನ್‌ನಿಂದ ಉದ್ದ ಕೇಳಿ. ಪರದೆಯ ಮೇಲೆ ೫೮೦೦೦೧ ಅಂತ ಆರು ಅಂಕೆ ಕಾಣುತ್ತವೆ, ಸ್ಟ್ರ್‌ಲೆನ್ 18 ಅನ್ನುತ್ತದೆ.